ಬಾಲವಿಲ್ಲದ ಸಹಿ

ಕಾಯಿಲೆಗಳಲ್ಲಿ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಪಂಗಡಗಳಿವೆ ಎನ್ನುವುದು ನನ್ನ ಅನುಭವ. ಕಾಲು ಮುರಿದುಕೊಂಡವರಿಗೆ ದಪ್ಪನೆಯ ಬಿಳಿ ಪಟ್ಟಿ ಇರುತ್ತದೆ. ಬಸ್ಸಿನಲ್ಲಿ ಜನ ಎದ್ದು ಜಾಗ ಬಿಡುತ್ತಾರೆ. ಜ್ವರ ಬಂದವರ ಹಣೆ ಮುಟ್ಟಿದರೆ ಸಾಕು, ಮುಟ್ಟಿದವರೇ ಸಾಕ್ಷಿ ಹೇಳುತ್ತಾರೆ. ಕಾಮಾಲೆಯಂತೂ ಕಣ್ಣಿನಲ್ಲೇ ಬೋರ್ಡು ಬರೆಸಿಕೊಂಡು ತಿರುಗುತ್ತದೆ. ನನ್ನ ಪಾಲಿಗೆ ಬಂದದ್ದು ಮಾತ್ರ ಒಂದು ಕಳ್ಳ ಕಾಯಿಲೆ. ದಾವಣಗೆರೆಯ ಡಾಕ್ಟರರು ಅದಕ್ಕೆ ಕೀಲುವಾತ ಎಂದು ಹೆಸರಿಟ್ಟು, ಇದು ಜೀವ ತೆಗೆಯುವುದಿಲ್ಲ, ಬಿಟ್ಟೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಅದು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕೂತಿರುತ್ತದೆ. ಐದಾರು ತಾಸು ಹತ್ತೂ ಬೆರಳುಗಳನ್ನು ಹಿಡಿದುಕೊಂಡು ಬಿಡುವುದಿಲ್ಲ. ಕುಕ್ಕರಿನ ಮುಚ್ಚಳ ತೆಗೆಯಲಾಗದು, ಹಲ್ಲುಜ್ಜುವ ಬ್ರಷ್ಷು ಕೊಡಲಿಯಷ್ಟು ಭಾರ. ಮಧ್ಯಾಹ್ನವಾಗುತ್ತಿದ್ದಂತೆ ಮೆಲ್ಲಗೆ ಸರಿದುಹೋಗುತ್ತದೆ. ಜನ ಬಂದು ನೋಡುವ ಹೊತ್ತಿಗೆ ಸರಿಯಾಗಿ ಅದು ಮನೆಯಲ್ಲಿ ಇರುವುದಿಲ್ಲ.

ನೋವಾದರೂ ಪರವಾಗಿಲ್ಲ, ಅದಕ್ಕೊಂದು ಜಾಗವಿದೆ, ಇಲ್ಲಿ ಎಂದು ತೋರಿಸಬಹುದು. ಅದರ ಬೆನ್ನಿಗೆ ಬರುವ ದಣಿವನ್ನು ಎಲ್ಲಿ ಎಂದು ತೋರಿಸುವುದು? ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ, ಇಡೀ ಊರಿನ ಜೋಳ ನಾನೊಬ್ಬಳೇ ಬೀಸಿ ಮಲಗಿದ್ದೆನೇನೋ ಎನ್ನುವಂತಿರುತ್ತದೆ ಮೈ. ನಮ್ಮ ಯಜಮಾನರು ಕೂಡ್ಲಿಗಿ ಕಡೆ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಅವರಿಗೆ ಜಗತ್ತಿನ ಎಲ್ಲ ಸಂಕಟವೂ ಎತ್ತು ಎಮ್ಮೆಗಳ ಮೂಲಕವೇ ಅರ್ಥವಾಗುವುದು. "ಎತ್ತಿಗೆ ಇಷ್ಟು ದಣಿವಾದ್ರ ನೊಗ ಹರ್ಕೊಂಡು ಮಲಗಿಬಿಡ್ತೈತಿ. ನೀನು ಸೀರಿ ಉಟ್ಕೊಂಡು ಸಾಲಿಗೆ ಹೊಂಟೀಯಲ್ಲ!" ಎಂದು ಬೈಯುತ್ತಲೇ ಬಿಸಿನೀರಿನ ಬೋಗುಣಿ ತಂದಿಟ್ಟು, ನನ್ನ ಸೆರಗಿಗೆ ಪಿನ್ನು ಹಾಕಿಕೊಡುತ್ತಿದ್ದರು.

ಏಕೆ ಹೊರಡುತ್ತಿದ್ದೆ ಎಂದರೆ, ಯಾರಿಗೂ ಗೊತ್ತಾಗಬಾರದು ಎಂಬ ಹಟ. ಕೊಟ್ಟೂರಿನಲ್ಲಿ ನಾನು ಹೈಸ್ಕೂಲಿನ ಗಣಿತದ ಟೀಚರು, ಗಿರಿಜಾದೇವಿ ಮೇಡಂ ಎಂದರೆ ಹುಡುಗಿಯರು ಗಡಗಡ ನಡುಗಬೇಕು. ನಡುಗುವ ಕೈ ನನ್ನದೇ ಎಂದು ತಿಳಿದರೆ ಕಥೆ ಮುಗಿಯಿತಲ್ಲ! ಬೆಳಗಿನ ಪಿರಿಯಡ್ಡಿನಲ್ಲಿ ಸೀಮೆಸುಣ್ಣ ಹಿಡಿಯಲು ಆಗದೆ, "ಬಾರವ್ವಾ, ನೀನೇ ಬಿಡಿಸು" ಎಂದು ಒಬ್ಬೊಬ್ಬಳನ್ನೇ ಬೋರ್ಡಿಗೆ ಕರೆದು, ನಾನು ಕುರ್ಚಿಯಲ್ಲಿ ಗತ್ತಿನಿಂದ ಕೂರುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಅದನ್ನು ನೋಡಿ, ವಿದ್ಯಾರ್ಥಿ ಕೇಂದ್ರಿತ ಬೋಧನೆ ಎಂದು ವರದಿಯಲ್ಲಿ ಹೊಗಳಿ ಬರೆದರು. ಕಾಯಿಲೆಗೆ ಸಿಕ್ಕ ಪ್ರಶಂಸೆ ಅದೊಂದೇ.

ಹೀಗೆ ಏಳು ವರ್ಷ ನಾಟಕ ಮಾಡಿದವಳು ಒಂದು ಚುನಾವಣೆಯಲ್ಲಿ ಸಿಕ್ಕಿಬಿದ್ದೆ. ಗುಂಡಿ ಒತ್ತುವ ಯಂತ್ರಗಳು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಕಾಗದದ ಮತಪತ್ರ, ತಗಡಿನ ಪೆಟ್ಟಿಗೆಯ ಕಾಲ. ನನ್ನನ್ನು ಹಂಪಸಾಗರದ ಕಡೆಯ ಒಂದು ಹಳ್ಳಿಗೆ ಪ್ರಿಸೈಡಿಂಗ್ ಆಫೀಸರು ಎಂದು ಹಾಕಿದ್ದರು. ಮತಗಟ್ಟೆಯ ರಾಜ್ಯಭಾರವೆಲ್ಲ ಒಂದು ದಿನದ ಮಟ್ಟಿಗೆ ನನ್ನದು. ಅದಕ್ಕೆ ನಾನು ಹೆದರಲಿಲ್ಲ. ಹೆದರಿದ್ದು ಒಂದೇ ಒಂದು ನಿಯಮಕ್ಕೆ: ಪ್ರತಿಯೊಂದು ಮತಪತ್ರದ ಬೆನ್ನಿಗೂ ಪ್ರಿಸೈಡಿಂಗ್ ಆಫೀಸರು ತನ್ನ ಪೂರ್ತಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಆ ಮತ ಹಾಳು. ಆ ಊರಿನ ಮತದಾರರು ಎಂಟುನೂರರ ಮೇಲಿದ್ದರು. ನನ್ನ ಬೆರಳುಗಳು ಹತ್ತು.

ವಿನಾಯಿತಿ ಕೇಳಲು ಹೋದೆ. ಕಚೇರಿಯಲ್ಲಿ ನನ್ನ ಸರದಿ ಬಂದಾಗ ಮಧ್ಯಾಹ್ನ ಮೂರು ಗಂಟೆ. ಅಲ್ಲಿದ್ದ ಅಧಿಕಾರಿ ಕೆಟ್ಟವರಲ್ಲ. ಬಾಗಿಲು ತೆಗೆದಾಗಿನಿಂದ ಐವತ್ತು ಜನರ ಬೆನ್ನುನೋವು, ಅತ್ತೆಯ ಆಪರೇಷನ್ನು, ಮಗಳ ನಿಶ್ಚಿತಾರ್ಥ ಕೇಳಿ ಕೇಳಿ ಅವರ ಕಿವಿ ದಡ್ಡುಗಟ್ಟಿತ್ತು.

"ಎಲ್ಲಿ, ಕೈ ತೋರಿಸ್ರಿ" ಎಂದರು.

ಚಾಚಿದೆ. ಆ ಹೊತ್ತಿಗೆ ನನ್ನ ಬೆರಳುಗಳು ಈಗತಾನೇ ಎರೆದುಕೊಂಡು ಬಂದ ಮಕ್ಕಳಂತೆ ಮುಗ್ಧವಾಗಿ ಕೂತಿದ್ದವು.

"ಚಲೋನ ಅದಾವಲ್ರಿ ಮೇಡಂ?"

"ಮುಂಜಾನಿ ನೋಡಬೇಕ್ರಿ ಸರ್."

"ಮುಂಜಾನಿ ಆಫೀಸ್ ತೆಗೆಯೂದಿಲ್ಲಲ್ರಿ" ಎಂದು ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. "ಆದೇಶ ಮುಟ್ಟಿತು ಅಂತ ಒಂದು ಸಹಿ ಹಾಕ್ರಿ."

ಇಲ್ಲಿ ನನ್ನ ಸಹಿಯ ಬಗ್ಗೆ ಹೇಳಬೇಕು. ನಮ್ಮಪ್ಪ ಕುಳ್ಳಿರಿಸಿಕೊಂಡು ತಿದ್ದಿಸಿದ ಸಹಿ ಅದು. ಗಿರಿಜಾದೇವಿ ಎಂದು ದುಂಡಗೆ ಬರೆದು, ಕೊನೆಯ 'ವಿ' ಯಿಂದ ಒಂದು ಗೆರೆ ಇಳಿದು, ಹೆಸರಿನ ಕೆಳಗೆಲ್ಲ ಹಾವಿನಂತೆ ಬಳುಕಿ, ತುದಿಯಲ್ಲಿ ಸಣ್ಣಗೆ ಸುರುಳಿ ಸುತ್ತಿಕೊಳ್ಳುತ್ತದೆ. ಜಗತ್ತಿನಲ್ಲಿ ನನಗೆ ಜಂಬವಿರುವುದು ಆ ಬಾಲದ ಮೇಲೆ ಮಾತ್ರ. ಕೈಲಾಗುವುದಿಲ್ಲ ಎಂದು ಬೇಡಲು ಬಂದವಳು, ಕನಿಷ್ಠ ಅಲ್ಲಾದರೂ ಸೊಟ್ಟಗೆ ಗೀಚಬಾರದೇ? ಆಗಲಿಲ್ಲ. ಅಭಿಮಾನ ಬಿಡಲಿಲ್ಲ. ಬಾಲದ ಸುರುಳಿ ಸಮೇತ ಬರೆದೆ. ಸಾಹೇಬರು ಅದನ್ನೇ ನೋಡುತ್ತ, "ಇಂಥಾ ಸಹಿ ಮಾಡೋ ಕೈಗೆ ಏನಾಗೈತ್ರಿ?" ಎಂದು ನಕ್ಕರು. ತೋರಿಸಲು ನನ್ನ ಬಳಿ ಡಾಕ್ಟರ ಸರ್ಟಿಫಿಕೇಟು ಇರಲಿಲ್ಲ. ಅದನ್ನು ಬರೆಸಿಕೊಂಡರೆ ಕಾಯಿಲೆ ಇದೆ ಎಂದು ಒಪ್ಪಿಕೊಂಡಂತೆ ಎಂದು ಏಳು ವರ್ಷವೂ ಬರೆಸಿರಲಿಲ್ಲ.

ಮತದಾನದ ಹಿಂದಿನ ದಿನ ಮಧ್ಯಾಹ್ನ ನಮ್ಮನ್ನು ಬಸ್ಸಿನಲ್ಲಿ ತುಂಬಿಸಿ ಆ ಹಳ್ಳಿಯಲ್ಲಿ ಇಳಿಸಿದರು. ನನ್ನ ಕೈ ಕೆಳಗಿನ ಮೊದಲ ಅಧಿಕಾರಿ ಖಾದರ್ ಬಾಷಾ ಮಾಸ್ತರು, ಹರಪನಹಳ್ಳಿಯವರು, ನಿವೃತ್ತಿಗೆ ಎರಡು ವರ್ಷ ಉಳಿದ ಹಿರಿಯರು. "ಪೆಟ್ಟಿಗೆ ನಾನು ಹಿಡಕಂತೀನಿ, ಕೊಡಿ ಮೇಡಂ" ಎಂದು ಕೈಚಾಚಿದರು. ಊರಿನ ಜನ, ಪಕ್ಷಗಳ ಏಜೆಂಟರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಹೆಂಗಸು ಆಫೀಸರು ಪೆಟ್ಟಿಗೆ ಹೊರಲಾರಳು ಎನಿಸಿಕೊಳ್ಳುವುದೇ? "ಬ್ಯಾಡ್ರಿ, ನಾ ತರ್ತೀನಿ" ಎಂದು ತಗಡಿನ ಪೆಟ್ಟಿಗೆಯನ್ನು ಶಾಲೆಯ ತನಕ ನಾನೇ ಹೊತ್ತೆ. ಆ ಐವತ್ತು ಹೆಜ್ಜೆಯ ದೌಲತ್ತಿಗೆ ಮರುದಿನ ತೆತ್ತ ದಂಡ ಸಣ್ಣದಲ್ಲ.

ಸಂಜೆ ಐದಕ್ಕೆ ಸಹಿ ಹಾಕಲು ಕೂತೆ. ಮೊದಲ ನೂರು ಸರಾಗ. ಬಾಲ ಬಳುಕುತ್ತಿತ್ತು, ಸುರುಳಿ ಸುತ್ತುತ್ತಿತ್ತು. ಇನ್ನೂರರ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ ಕೆಂಡ ಇಟ್ಟಂತಾಯಿತು. ಇನ್ನೂರೈವತ್ತಕ್ಕೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದೆ. ಖಾದರ್ ಮಾಸ್ತರು ಎದುರಿಗೆ ಕೂತು ಮತದಾರರ ಪಟ್ಟಿ ನೋಡುತ್ತಿದ್ದವರು, ನನ್ನ ಕೈಯನ್ನೂ ನೋಡಿದರು, ಮುಖವನ್ನೂ ನೋಡಿದರು. "ಉಳಿದಿದ್ದು ಬೆಳಿಗ್ಗೆ ಮಾಡೋಣ ಮೇಡಂ" ಎಂದರು. ಮುನ್ನೂರಕ್ಕೆ ನಿಲ್ಲಿಸಿದೆ. ನನ್ನ ಪಾಲಿಗೆ ಬೆಳಿಗ್ಗೆ ಎಂದರೆ ಏನು ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು!

ನನಗೆ ಮಲಗಲು ಅಂಗನವಾಡಿಯ ಹೊನ್ನಮ್ಮನ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ಎರಡು ಕೈಗಳೂ ನನ್ನವಲ್ಲ. ಬೆರಳುಗಳು ಉಬ್ಬಿ, ಒಂದಕ್ಕೊಂದು ಮಾತು ಬಿಟ್ಟು, ಮರದ ಸೌಟಿನಂತೆ ನಿಂತಿದ್ದವು. ಬಿಸಿನೀರು ಕೇಳಿದೆ. ಹೊನ್ನಮ್ಮ ಚರಿಗೆ ತುಂಬ ಕೊಟ್ಟು, ಸ್ನಾನಕ್ಕೆ ಎಂದುಕೊಂಡವಳು, ನಾನು ಕೈ ಅದ್ದಿಕೊಂಡು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ, "ಮೇಡಮ್ಮಾರು ಪೂಜಿ ಮಾಡ್ತಾರ, ಗದ್ಲ ಮಾಡಬ್ಯಾಡ್ರಿ" ಎಂದು ಮನೆಯವರನ್ನೆಲ್ಲ ಹೊರಗೆ ಕಳಿಸಿದಳು. ನಾನೂ ಪೂಜೆಯೆಂದೇ ಇರಲಿ ಎಂದು ಕಣ್ಣು ತೆರೆಯಲಿಲ್ಲ. ಸೆರಗಿಗೆ ಪಿನ್ನು ಹಾಕಿಕೊಡಲು ಹೇಳುವಾಗ ಮಾತ್ರ, ಕನ್ನಡಿ ಇಲ್ಲವಲ್ಲ ಎಂದು ಸುಳ್ಳು ಹೇಳಿದೆ. ಕನ್ನಡಿ ನನ್ನ ಎದುರಿನ ಗೋಡೆಯ ಮೇಲೇ ಇತ್ತು.

ಶಾಲೆಗೆ ಹೋಗಿ ಉಳಿದ ಮತಪತ್ರಗಳಲ್ಲಿ ಎಷ್ಟಾದರಷ್ಟು ಎಂದು ಸಹಿಗೆ ಕೂತೆ. ಗಿರಿಜಾದೇವಿ ಎಂಬ ಐದು ಅಕ್ಷರಗಳು ಇಷ್ಟೊಂದು ಉದ್ದ ಎಂದು ಅಂದೇ ನನಗೆ ಗೊತ್ತಾದದ್ದು. ಬಾಲವನ್ನು ಬಿಟ್ಟೆ. ಮೊದಲು ಸುರುಳಿ ಹೋಯಿತು, ಆಮೇಲೆ ಬಳುಕು ಹೋಯಿತು, ಆಮೇಲೆ ಗೆರೆಯೇ ಹೋಯಿತು. ಇನ್ನೊಂದು ನೂರು ಆಗುವಷ್ಟರಲ್ಲಿ ಬಾಗಿಲ ಹೊರಗೆ ಸಾಲು ಕಟ್ಟಿತ್ತು. ಮತದಾನ ಶುರುವಾಯಿತು.

ಹತ್ತು ಗಂಟೆಯವರೆಗೆ ಎಲ್ಲ ಸುಸೂತ್ರ. ಹಿಂದಿನ ಸಂಜೆಯ ಮುನ್ನೂರು ಖರ್ಚಾಗಿ, ಖಾದರ್ ಮಾಸ್ತರು ಬೆಳಗಿನ ಕಟ್ಟನ್ನು ತೆಗೆದು ಮತದಾರನಿಗೆ ಕೊಡಲು ಮೊದಲನೆಯದನ್ನು ಹರಿದರು. ಅವರ ಬೆನ್ನ ಹಿಂದೆ ಬೆಂಚಿನ ಮೇಲೆ ಕೂತಿದ್ದ ಏಜೆಂಟರಲ್ಲಿ ಒಬ್ಬ, ಬಿಳಿ ಅಂಗಿಯ ಮೂವತ್ತರ ಗಂಡಸು, ಕತ್ತು ಉದ್ದ ಮಾಡಿ ನೋಡಿದ. ಇನ್ನೊಂದು ಹರಿದರು. ಅವನು ಎದ್ದು ನಿಂತ.

"ತಡೀರಿ! ಈ ಸಹಿ ಬ್ಯಾರೆ ಐತಿ."

ಅವನು ಮಾಸ್ತರ ಕೈಯಲ್ಲಿದ್ದ ಹಾಳೆಯತ್ತ ಬೆರಳು ತೋರಿಸಿದ.

"ಇಲ್ಲೀತನ ಕೊಟ್ಟ ಓಟಿಗೆ ಬಾಲ ಇತ್ತು. ಇದಕ್ಕ ಬಾಲ ಇಲ್ಲ. ಯಾರ ಸಹಿ ಇದು? ರಾತ್ರಿ ಯಾರು ಕುಂತು ಬರದ್ರು?"

"ನಂದೇ ಸಹಿ" ಎಂದೆ.

"ನಿಮ್ದಾದ್ರ ಬಾಲ ಎಲ್ಲಿ ಹೋತ್ರಿ?"

ಈಗ ನೆನೆದರೆ ನಗು ಬರುತ್ತದೆ. ಆಗ ಅದು ನಗುವ ಹೊತ್ತಾಗಿರಲಿಲ್ಲ. ಬೇರೆ ಪಕ್ಷದ ಏಜೆಂಟನೂ ಎದ್ದ. ಬಾಗಿಲಲ್ಲಿದ್ದ ಪೊಲೀಸಪ್ಪ ಒಳಗೆ ಇಣುಕಿದ. ಸಾಲಿನಲ್ಲಿ ಮಾತು ಹಿಂದಕ್ಕೆ ಹಿಂದಕ್ಕೆ ಹರಿಯುತ್ತ ಹೋದದ್ದು ನನಗೆ ಕೇಳಿಸುತ್ತಿತ್ತು: "ಬಾಲ ಇಲ್ದ ಓಟು ಕೊಡಾಕತ್ಯಾರಂತ", "ಖೊಟ್ಟಿ ಓಟಂತ". ಇಷ್ಟಕ್ಕೇ ಗಲಾಟೆಯಾಗಿ ದೂರು ಹೋದರೆ ಮರು ಮತದಾನ, ನನಗೆ ಸಸ್ಪೆಂಡು. ಗಣಿತದ ಮೇಡಂ ಕಳ್ಳ ಮತಪತ್ರ ಮಾಡಿಸಿದಳು ಎಂದು ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಜನ ಆಡಿಕೊಳ್ಳುವುದು.

ಬಿಳಿ ಅಂಗಿಯವನು ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟ. "ಈಗ ಎಲ್ಲಾರ ಮುಂದ ಬಾಲ ಹಾಕಿ ಸಹಿ ಮಾಡ್ರಿ. ನಿಮ್ದ ಅಂತ ಒಪ್ತೀವಿ."

ಪೆನ್ನು ಹಿಡಿದೆ. ಹೆಸರು ಹೇಗೋ ಮೂಡಿತು. 'ವಿ' ಯಿಂದ ಗೆರೆ ಇಳಿಸಲು ಮಣಿಕಟ್ಟು ತಿರುಗಬೇಕು, ತಿರುಗಲಿಲ್ಲ. ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು. ಇಪ್ಪತ್ತು ಜನರ ಎದುರಿಗೆ, ಏಳು ವರ್ಷ ಹೆಡ್‌ಮೇಡಂಗೂ ಹೇಳದಿದ್ದ ಮಾತನ್ನು ಹೇಳಿದೆ.

"ನನಗ ಕೀಲುವಾತ ಐತ್ರಿ. ಮುಂಜಾನಿ ಹೊತ್ತು ಕೈ ಆಡೂದಿಲ್ಲ."

ಹೇಳಿದ ಕೂಡಲೇ ಎಲ್ಲರ ಮನ ಕರಗುತ್ತದೆ ಎಂದು ನಾನು ಏಳು ವರ್ಷವೂ ಹೆದರಿದ್ದೆ. ಹಾಗೇನೂ ಆಗಲಿಲ್ಲ. "ನಿನ್ನಿ ಪೆಟ್ಟಿಗಿ ನೀವೇ ಹೊತ್ಕೊಂಡು ಬಂದ್ರಲ್ರಿ? ನಾವೆಲ್ಲ ಕಟ್ಟಿ ಮ್ಯಾಲ ಕುಂತು ನೋಡೇವಿ" ಎಂದ ಅವನು. ನಾಟಕ ಚೆನ್ನಾಗಿ ಮಾಡಿದವರಿಗೆ ಇದೇ ತೊಂದರೆ. ಜನ ಅದನ್ನೇ ನಿಜವೆಂದು ನಂಬಿರುತ್ತಾರೆ.

"ಮಧ್ಯಾಹ್ನ ಎರಡು ಗಂಟಿಗೆ ಬಾಲ ಬರ್ತೈತ್ರಿ" ಎಂದೆ. ನನ್ನ ಬಾಯಿಂದ ಆ ಹೊತ್ತಿನಲ್ಲಿ ಹೊರಟದ್ದು ಅದೊಂದೇ. ಯಾರೋ ಕಿಸಕ್ಕೆಂದರು.

ಆಗ ಖಾದರ್ ಮಾಸ್ತರು ಎದ್ದರು. ಅವರು ದನಿ ಏರಿಸುವವರೇ ಅಲ್ಲ. "ನೋಡಪ್ಪಾ, ಸಂಜೆ ಮುನ್ನೂರು ಸಹಿನೂ ನನ್ನ ಕಣ್ಣೆದುರಿಗೇ ಮಾಡಿದಾರೆ, ಬೆಳಿಗ್ಗೆದೂ ನನ್ನೆದುರಿಗೇ ಮಾಡಿದಾರೆ. ಮೇಡಂ ಮತಗಟ್ಟೆ ಡೈರಿಯಲ್ಲಿ ಹಾಗಂತ ಬರೀತಾರೆ, ನೀವೆಲ್ಲ ರುಜು ಹಾಕಿ. ಇನ್ನು ಉಳಿದ ಕಾಗದಕ್ಕೆ ಒಬ್ಬೊಬ್ಬ ಮತದಾರ ಬಂದಾಗ ನಿಮ್ಮೆದುರಿಗೇ ಒಂದೊಂದೇ ಸಹಿ ಮಾಡ್ತಾರೆ. ಅನುಮಾನಕ್ಕೆ ಜಾಗ ಎಲ್ಲೈತೆ?" ಎಂದು, ನನ್ನ ಕಡೆ ಬಾಗಿ ಮೆಲ್ಲಗೆ, "ಆಗುತ್ತಾ ಮೇಡಂ?" ಎಂದು ಕೇಳಿದರು. ಆಗುವುದಿಲ್ಲ ಎನ್ನುವ ದಾರಿ ಎಲ್ಲಿತ್ತು? ಏಜೆಂಟರು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಪ್ಪಿದರು.

ಬೆಳಗಿನ ಕಟ್ಟು ಮುಗಿದ ಮೇಲೆ ಶುರುವಾಯಿತು ನನ್ನ ಶಿಕ್ಷೆ. ಮತದಾರ ಬಂದು ನಿಲ್ಲುವುದು, ನಾನು ಸಹಿ ಮಾಡುವುದು, ಮೂವರು ಏಜೆಂಟರು ಬಗ್ಗಿ ನೋಡುವುದು. ಹುಡುಗಿಯರನ್ನು ಬೋರ್ಡಿಗೆ ಕರೆದು, ತಪ್ಪು ಮಾಡುವುದನ್ನೇ ಕಾಯುತ್ತ ಕೂರುತ್ತಿದ್ದೆನಲ್ಲ, ಅವರ ಜೀವ ಹೇಗೆ ಹಾರುತ್ತಿತ್ತು ಎಂದು ಪ್ರತಿ ಸಹಿಗೂ ತಿಳಿಯುತ್ತ ಹೋಯಿತು. ಒಂದೊಂದು ಸಹಿಗೆ ಅರ್ಧ ನಿಮಿಷ. ಹಲ್ಲು ಕಚ್ಚಿದ್ದಕ್ಕೆ ದವಡೆ ನೋಯುತ್ತಿತ್ತು. ಹೊರಗೆ ಸಾಲು ಬೆಳೆಯಿತು, ಬಿಸಿಲೇರಿತು, ಬೈಗುಳ ಕೇಳತೊಡಗಿದವು. ಹೊನ್ನಮ್ಮ ಹೇಗೋ ಸುದ್ದಿ ತಿಳಿದು, ಒಂದು ಬೋಗುಣಿ ಬಿಸಿನೀರು ತಂದು ಪೊಲೀಸಪ್ಪನ ಕೈಗೆ ಕೊಟ್ಟು, "ಮೇಡಮ್ಮಾರ ಪೂಜಿಗೆ" ಎಂದು ಹೇಳಿ ಹೋದಳು. ಇಬ್ಬರು ಮತದಾರರ ನಡುವಿನ ಬಿಡುವಿನಲ್ಲಿ ಕೈ ಅದ್ದುವುದು, ಒರೆಸುವುದು, ಬರೆಯುವುದು. ಒಬ್ಬ ರೈತ ನಿಂತು ನೋಡಿ ನೋಡಿ, "ಅವಸರಿಲ್ಲ, ನಿಧಾನಕ್ಕ ಮಾಡ್ರಿ ಅಕ್ಕಾರ. ಐದು ವರ್ಷ ಕಾದೇವಿ" ಎಂದ.

ಎರಡು ಗಂಟೆ ಕಳೆದಿತ್ತು. ಯಾವುದೋ ಒಂದು ಸಹಿ ಮುಗಿಸುವಾಗ ಮಣಿಕಟ್ಟು ತಾನಾಗಿ ಸಡಿಲವಾಯಿತು. 'ವಿ' ಯಿಂದ ಗೆರೆಯೊಂದು ಇಳಿದು, ಸ್ವಲ್ಪ ನಡುಗಿ, ಬಲಕ್ಕೆ ಬಳುಕಿತು.

"ಬಂತು ನೋಡ್ರಿ ಬಾಲ!" ಎಂದು ಬಿಳಿ ಅಂಗಿಯವನೇ ಕೂಗಿದ. ಉಳಿದ ಏಜೆಂಟರು ಓಡಿಬಂದು ನೋಡಿದರು. ಬಾಗಿಲಿನ ಪೊಲೀಸಪ್ಪನೂ ಬಂದು ನೋಡಿದ. ಮತ ಹಾಕಲು ನಿಂತಿದ್ದ ಹೆಂಗಸು ಏನೂ ತಿಳಿಯದೆ ನನಗೆ ಕೈಮುಗಿದಳು. ಬಿಳಿ ಅಂಗಿಯವನು ಮುಂದೆ ಬಂದು, "ತಪ್ಪು ತಿಳಕೋಬ್ಯಾಡ್ರಿ ಮೇಡಂ, ನಮ್ಮ ಕೆಲ್ಸ ನಾವು ಮಾಡಬೇಕಲ್ರಿ" ಎಂದು ಹೋಗಿ ಚಹಾ ತರಿಸಿದ. ನನಗೋ, ಜಿಲ್ಲೆಗೇ ಮೊದಲು ಬಂದಷ್ಟು ಗರ್ವ. ನೋವೇನೆಂದು ಬಲ್ಲವಳು ನಾನು, ಸಾಬೀತು ಮಾಡಿ ಗೆದ್ದವಳು ನಾನು ಎಂದು ಕುರ್ಚಿಯಲ್ಲಿ ಇನ್ನೂ ನೆಟ್ಟಗೆ ಕೂತೆ.

ಆ ಗರ್ವದಲ್ಲಿದ್ದಾಗಲೇ ಅವರು ಬಂದದ್ದು. ನಾಲ್ಕು ಗಂಟೆ ಇರಬೇಕು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಜೊತೆಗೆ ಸೊಸೆ. "ಅತ್ತಿಗೆ ಕೈಯಾಗ ಮುದ್ರಿ ಹಿಡಿಯಾಕ ಬರೂದಿಲ್ರಿ. ನಾನು ಒಳಗ ಹೋಗಿ ಒತ್ಲೇನ್ರಿ?" ಎಂದಳು ಸೊಸೆ. ಕೈಲಾಗದವರು ಜೊತೆಗೊಬ್ಬರನ್ನು ಕರೆದೊಯ್ಯಬಹುದು ಎಂದು ನಿಯಮವಿದೆ. ಆದರೆ ನಿಜವಾಗಿಯೂ ಕೈಲಾಗದು ಎಂದು ಪ್ರಿಸೈಡಿಂಗ್ ಆಫೀಸರಿಗೆ ಮನವರಿಕೆಯಾಗಬೇಕು. ಮನವರಿಕೆ ಮಾಡಿಕೊಳ್ಳಲು ನಾನು ಕನ್ನಡಕ ಸರಿಮಾಡಿಕೊಂಡೆ.

"ಎಲ್ಲಿ ಅಜ್ಜಿ, ಕೈ ತೋರಿಸ್ರಿ."

ಅಜ್ಜಿ ಎರಡೂ ಕೈ ಚಾಚಿದರು. ಸುಕ್ಕುಗಟ್ಟಿದ, ಆದರೆ ನೆಟ್ಟಗಿದ್ದ ಬೆರಳುಗಳು.

"ಚಲೋನ ಅದಾವಲ್ಲ? ಇಲ್ಲೀತನ ನಡಕೊಂಡು ಬಂದೀರಿ. ಒಂದು ಮುದ್ರಿ ಒತ್ತಾಕ ಏನಾಗೈತಿ?"

ಅಜ್ಜಿ ನನ್ನನ್ನು ಒಂದು ಗಳಿಗೆ ನೋಡಿದರು. ಸಿಟ್ಟೇನೂ ಇರಲಿಲ್ಲ ಅವರ ಮುಖದಲ್ಲಿ. "ಸಂಜೀಕ ಹಿಂಗ ಕಾಣ್ತಾವ ಯವ್ವಾ. ನೋಡಾಕಷ್ಟ ಚಲೋ, ಬಿಗಿ ಹಿಡಿಯಾಕ ಬರೂದಿಲ್ಲ. ಮುಂಜಾನಿ ಬಂದಿದ್ರ ನಿನಗ ತೋರಿಸ್ತಿದ್ದೆ. ಮುಂಜಾನಿ ಎದ್ದು ಬರಾಕ ಆಗಲಿಲ್ಲ" ಎಂದರು.

ಖಾದರ್ ಮಾಸ್ತರು ಪಟ್ಟಿಯಿಂದ ತಲೆ ಎತ್ತಲಿಲ್ಲ. ಎತ್ತದಿದ್ದುದೇ ಅವರ ದೊಡ್ಡತನ. ನನ್ನ ಎರಡೂ ಕೈಗಳು ತಾವಾಗಿಯೇ ಮೇಜಿನ ಕೆಳಗೆ ಸರಿದವು. ಸೊಸೆಯ ಹೇಳಿಕೆಯ ನಮೂನೆ ತೆಗೆದು ತುಂಬಿಸಿ ಒಳಗೆ ಕಳಿಸಿದೆ. ಹೊರಗೆ ಬಂದ ಅಜ್ಜಿ, "ಬರ್ತೀನವ್ವಾ, ಪುಣ್ಯ ಬರ್ಲಿ ನಿನಗ" ಎಂದು ಹರಸಿ ಹೋದರು. ಅಂದಿನಷ್ಟು ಚುಚ್ಚಿದ ಆಶೀರ್ವಾದ ನನಗೆ ಮತ್ತೆ ಸಿಕ್ಕಿಲ್ಲ.

ಐದಕ್ಕೆ ಮತದಾನ ಮುಗಿಯಿತು. ಅರಗು ಹಚ್ಚಿ ಸೀಲು ಒತ್ತಿದ್ದೆಲ್ಲ ಮಾಸ್ತರೇ. ಬಿಳಿ ಅಂಗಿಯವನು ಬಸ್ಸಿನ ತನಕ ಜೊತೆಗೆ ನಡೆದು ಬಂದು ಪೆಟ್ಟಿಗೆಗೆ ಕಾವಲು ಕಾದ. ಮನೆಗೆ ಬಂದವಳು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಯಜಮಾನರು ಗಂಜಿ ಕುಡಿಸುತ್ತ, ಎಲ್ಲ ಕಥೆ ಕೇಳಿ, ಬಟ್ಟಲು ಕೆಳಗಿಟ್ಟು, "ನಾಳೆ ದಾವಣಗೆರಿಗೆ ಹೋಗಿ ಸರ್ಟಿಫಿಕೇಟ್ ಬರಸ್ಕೊಂಡು ಬರೂಣು" ಎಂದರು. ಈ ಸಲ ಅವರ ಬಾಯಲ್ಲಿ ಎತ್ತು ಬರಲಿಲ್ಲ. ಅದಕ್ಕೇ ನನಗೆ ಅಳು ಬಂದದ್ದು.

ಸರ್ಟಿಫಿಕೇಟು ಬಂತು. ಶಾಲೆಯಲ್ಲಿ ನಾನೇ ಎದ್ದು ನಿಂತು ಹೆಡ್‌ಮೇಡಂ, ಸಹೋದ್ಯೋಗಿಗಳು, ಜವಾನ, ಎಲ್ಲರಿಗೂ ಕಾಯಿಲೆಯ ಪೂರ್ತಿ ವಿವರ ಹೇಳಿದೆ. ಮುಚ್ಚಿಟ್ಟದ್ದು ಸಾಕು ಎಂದು ಭಾಷಣವನ್ನೇ ಮಾಡಿದೆ. ಅಂದಿನಿಂದ ಸ್ಟಾಫ್‌ರೂಮಿನಲ್ಲಿ ಒಬ್ಬರು ಎಕ್ಕೆ ಎಲೆ ತಂದರೆ, ಇನ್ನೊಬ್ಬರು ತಾಮ್ರದ ಬಳೆ ತಂದರು. ಹಡಗಲಿಯಲ್ಲಿ ಒಬ್ಬರು ಕೈ ಜಗ್ಗಿದರೆ ಸಾಕು ವಾತ ಇಳಿಯುತ್ತದಂತೆ ಎಂದು ವಿಳಾಸ ಕೊಟ್ಟರು. ಎಲ್ಲವನ್ನೂ ಕೇಳಿಸಿಕೊಂಡೆ. ಬೆಳಗಿನ ಮೊದಲ ಪಿರಿಯಡ್ಡನ್ನು ಹೆಡ್‌ಮೇಡಂ ಮಧ್ಯಾಹ್ನಕ್ಕೆ ಹಾಕಿಕೊಟ್ಟರು. ಸತ್ಯ ಹೇಳಿದರೆ ಎಷ್ಟು ಹಗುರ ಎಂದು ನಾಲ್ಕು ಜನಕ್ಕೆ ಉಪದೇಶವನ್ನೂ ಕೊಟ್ಟೆ.

ಎರಡು ವರ್ಷ ಕಳೆದು ಮತ್ತೊಂದು ಚುನಾವಣೆ ಬಂತು. ಡ್ಯೂಟಿ ಆದೇಶಗಳ ಕಟ್ಟು ಶಾಲೆಗೆ ಬಂದಾಗ ನಾನು ಆಫೀಸು ಕೋಣೆಯಲ್ಲೇ ಇದ್ದೆ. ಗುಮಾಸ್ತರು ಒಬ್ಬೊಬ್ಬರ ಹೆಸರು ಕರೆದು ಕೊಟ್ಟರು. ನನ್ನ ಹೆಸರು ಬರಲಿಲ್ಲ. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ವಿಜ್ಞಾನದ ಹುಡುಗಿಯನ್ನು ಪ್ರಿಸೈಡಿಂಗ್ ಆಫೀಸರು ಮಾಡಿದ್ದರು. ಮತಪೆಟ್ಟಿಗೆಯ ಮುಚ್ಚಳ ಯಾವ ಕಡೆ ತೆರೆಯುತ್ತದೆ ಎಂದೂ ಅವಳಿಗೆ ಗೊತ್ತಿರಲಿಕ್ಕಿಲ್ಲ.

"ಸರಿಯಾಗಿ ನೋಡ್ರಿ, ಎಲ್ಯಾರ ಕೆಳಗ ಬಿದ್ದಿರಬೇಕು" ಎಂದೆ.

ಗುಮಾಸ್ತರು ಅಭಿಮಾನದಿಂದ ನಕ್ಕರು. "ನಿಮ್ಮನ್ನ ಬಿಟ್ಟಾರ್ರೀ ಮೇಡಂ. ನಿಮಗ ಆರಾಮಿಲ್ಲಲ್ರಿ."

ಕೋಣೆಯಲ್ಲಿ ಎಲ್ಲರೂ ನನ್ನ ಕಡೆ ಕರುಣೆಯಿಂದ ತಿರುಗಿ ನೋಡಿದರು. ನಾನು ನೆಟ್ಟಗೆ ಎದ್ದು ನಿಂತೆ.

"ಯಾರು ಹೇಳಿದ್ರು ನಿಮಗ?" ಎಂದೆ. "ನನಗೇನಾಗೈತಿ?"